ಹಬ್ಬಕ್ಕೆ ಎಷ್ಟು ಬ್ಲೌಸ್ ಒಪ್ಪಿಕೊಳ್ಳಬೇಕು? ಮಲ್ಲೇಶ್ವರದ ಒಂದು ಟೈಲರ್ ಅಂಗಡಿಯ ಪ್ರಕರಣ

ಮಲ್ಲೇಶ್ವರದ 8ನೇ ಕ್ರಾಸ್‌ಗೆ ಹೊಂದಿಕೊಂಡ ಅಡ್ಡರಸ್ತೆಯಲ್ಲಿ ಬ್ಲೌಸ್ ಹೊಲಿಯುವ ಒಂದು ಸಣ್ಣ ಅಂಗಡಿ ಇದೆ. ಅಲ್ಲಿ ಒಬ್ಬ ಕಟಿಂಗ್ ಮಾಸ್ಟರ್, ಮೂವರು ಟೈಲರ್‌ಗಳು, ಹೆಮ್ಮಿಂಗ್ ಮಾಡಿ ಹುಕ್ ಹಾಕುವ ಒಬ್ಬ ಹೆಂಗಸು, ಕೌಂಟರಿನಲ್ಲಿ ಒಬ್ಬ ಹುಡುಗಿ ಕೆಲಸ ಮಾಡುತ್ತಾರೆ. ಇವರೆಲ್ಲರ ಮೇಲೆ ಮಾಲೀಕರು. ಹೆಸರು ಹಾಕುವುದು ಬೇಡ ಎಂದಿದ್ದಾರೆ, ಹಾಗಾಗಿ ಎಲ್ಲರೂ ಕರೆಯುವಂತೆ ಅಕ್ಕ ಎಂದೇ ಬರೆಯುತ್ತೇನೆ. ಸಣ್ಣ ಅಂಗಡಿಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಈ ಅಂಗಡಿಯ ಬಿಲ್ ಪುಸ್ತಕಗಳು ನನ್ನ ಕೈಗೆ ಬಂದದ್ದು ಆ ಕಾರಣಕ್ಕೆ.

2024ರಲ್ಲಿ ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 16ಕ್ಕೆ ಬಂದಿತ್ತು. ಹಿಂದಿನ ದಿನ ಸಂಜೆಯಿಂದಲೇ ಅಂಗಡಿ ಮುಂದೆ ಜನ ನಿಂತಿದ್ದರು. ಒಳಗೆ ಕತ್ತರಿಸಿಟ್ಟ 31 ಬ್ಲೌಸ್ ಇನ್ನೂ ಮೆಷಿನ್ ಹತ್ತಿರಲಿಲ್ಲ. ರಾತ್ರಿ 12ರ ತನಕ ಹೊಲಿದರೂ ಅವು ಹಾಗೇ ಉಳಿದವು. ಕೆಲವರು ಬೈದು ಬಟ್ಟೆ ವಾಪಸ್ ತೆಗೆದುಕೊಂಡು ಹೋದರು. ಅವಸರದಲ್ಲಿ ಎರಡು ರೇಷ್ಮೆ ಬ್ಲೌಸ್ ಹಾಳಾಗಿ ದುಡ್ಡು ಕಟ್ಟಿಕೊಡಬೇಕಾಯಿತು. ಹಬ್ಬ ಮುಗಿದ ಮೇಲೆ ಒಬ್ಬ ಟೈಲರ್ ಒಂದು ವಾರ ಕೆಲಸಕ್ಕೇ ಬರಲಿಲ್ಲ.

2025ರ ಜೂನ್‌ನಲ್ಲಿ ಅಕ್ಕ ಹೊಸ ಸೀಸನ್ನಿಗೆ ಗುರಿ ಹಾಕಿಕೊಳ್ಳಲು ಕೂತರು. ಅವರು ಮೊದಲು ಹೇಳಿದ ಗುರಿ: "ಈ ಸಲ 600 ಬ್ಲೌಸ್ ಮಾಡಲೇಬೇಕು."

600 ಎಲ್ಲಿಂದ ಬಂತು?

ಹೋದ ವರ್ಷ ಬಿಲ್ ಹಾಕಿದ್ದು 520. ಅದಕ್ಕೆ ಸ್ವಲ್ಪ ಸೇರಿಸಿ 600. ಬಹಳಷ್ಟು ಅಂಗಡಿಗಳಲ್ಲಿ ಗುರಿ ಹುಟ್ಟುವುದೇ ಹೀಗೆ. ಹೋದ ಸಲದ ಅಂಕಿಯ ಮೇಲೆ ಆಸೆ ಸೇರಿಸುತ್ತೇವೆ. ಆ ಹೋದ ಸಲದ ಅಂಕಿ ನಿಜವಾಗಿ ಆಗಿತ್ತೋ ಇಲ್ಲವೋ ಎಂದು ಕೇಳುವುದಿಲ್ಲ.

ಕೇಳಿ ನೋಡಿದೆವು. ಲೈನಿಂಗ್ ಇರುವ ಬ್ಲೌಸ್ ಒಬ್ಬ ಟೈಲರ್ ದಿನಕ್ಕೆ 5 ಹೊಲಿಯುತ್ತಾರೆ ಎಂಬುದು ಅಕ್ಕನ ಅಂದಾಜು. ಮೂವರಿಗೆ 15. ಆದರೆ ಆಲ್ಟರೇಶನ್, ದಾರ ಮ್ಯಾಚಿಂಗ್‌ಗೆ ಓಡಾಟ, ಕರೆಂಟ್ ಹೋಗುವುದು, ಇವೆಲ್ಲ ಕಳೆದು ಜೂನ್‌ನಲ್ಲಿ ದಿನವೂ ಸಂಜೆ ಎಣಿಸಿದಾಗ ಸಿಕ್ಕಿದ ಸರಾಸರಿ 13. ಮಾಸ್ಟರ್ ಇದಕ್ಕಿಂತ ಜಾಸ್ತಿ ಕತ್ತರಿಸಬಲ್ಲರು, ಹೆಮ್ಮಿಂಗ್ ಕೂಡ ಹೇಗೋ ಸರಿದೂಗುತ್ತದೆ. ಅಂಗಡಿಯ ವೇಗ ನಿಂತಿರುವುದು ಮೂರು ಮೆಷಿನ್ ಮೇಲೆ.

2025ರಲ್ಲಿ ಹಬ್ಬ ಆಗಸ್ಟ್ 8, ಶುಕ್ರವಾರ. ಜುಲೈ 1ರಿಂದ ಆಗಸ್ಟ್ 7ರವರೆಗೆ 38 ದಿನ. ಐದು ಭಾನುವಾರ ಬಿಟ್ಟರೆ 33. ದಿನಕ್ಕೆ 13ರಂತೆ 429. ಅಷ್ಟೇ. ಹೋದ ವರ್ಷವೂ ಹೆಚ್ಚು ಕಡಿಮೆ ಇಷ್ಟೇ ದಿನ, ಇದೇ ಮೂರು ಮೆಷಿನ್. ರಾತ್ರಿ ಕೆಲಸದಲ್ಲಿ ಇನ್ನೊಂದು 60 ಹೊಲಿದಿದ್ದರು, ಒಟ್ಟು 489. ಒಪ್ಪಿಕೊಂಡದ್ದು 520. ಉಳಿದ 31 ಯಾರ ಸೋಮಾರಿತನದಿಂದಲೂ ಉಳಿದದ್ದಲ್ಲ. ಆ ಬಟ್ಟೆಗಳನ್ನು ತೆಗೆದುಕೊಂಡ ದಿನವೇ ಅವು ಹಬ್ಬಕ್ಕೆ ಆಗುವುದಿಲ್ಲ ಎಂದು ತೀರ್ಮಾನವಾಗಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ.

ಇದನ್ನು ನೋಡಿದ ಮೇಲೆ ಅಕ್ಕ ತುಂಬ ಹೊತ್ತು ಮಾತಾಡಲಿಲ್ಲ. ಒಂದು ವರ್ಷ ಪೂರ್ತಿ ಅವರು ತಮ್ಮ ಹುಡುಗರನ್ನೇ ದೂರಿದ್ದರು.

ಗುರಿ ಬದಲಾಯಿತು

ನಿರ್ದಿಷ್ಟವಾದ, ಸ್ವಲ್ಪ ಕಷ್ಟದ ಗುರಿ ಕೊಟ್ಟರೆ ಜನ "ಆದಷ್ಟು ಚೆನ್ನಾಗಿ ಮಾಡಿ" ಎಂದದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತಾರೆ ಎಂದು ಮನಃಶಾಸ್ತ್ರಜ್ಞ ಎಡ್ವಿನ್ ಲಾಕ್ 1968ರಲ್ಲೇ ಬರೆದರು. ಇದನ್ನು ಎಲ್ಲರೂ ಹೇಳುತ್ತಾರೆ. ಅದರ ಜೊತೆಗಿರುವ ಷರತ್ತನ್ನು ಮಾತ್ರ ಬಿಟ್ಟುಬಿಡುತ್ತಾರೆ: ಆ ಕೆಲಸ ಕೈಯಲ್ಲಿ ಆಗುವಂಥದ್ದಾಗಿರಬೇಕು. 600 ಕಷ್ಟದ ಗುರಿ ಅಲ್ಲ, ಆಗದ ಗುರಿ.

ಮತ್ತೊಂದು ವಿಷಯ. ಎಷ್ಟು ಆರ್ಡರ್ ಬರುತ್ತದೆ ಎಂಬುದು ಅಕ್ಕನ ಕೈಯಲ್ಲಿಲ್ಲ. ಎಷ್ಟು ಒಪ್ಪಿಕೊಳ್ಳುವುದು, ಯಾವ ದಿನಕ್ಕೆ ಒಪ್ಪಿಕೊಳ್ಳುವುದು ಎಂಬುದು ಪೂರ್ತಿ ಅವರ ಕೈಯಲ್ಲಿದೆ. ಆರು ವಾರದಂಥ ಕಡಿಮೆ ಅವಧಿಗೆ ಗುರಿ ಇಡುವಾಗ ಕೈಯಲ್ಲಿರುವುದರ ಮೇಲೇ ಇಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೀಗಾಗಿ ಗುರಿಯನ್ನು ಹೀಗೆ ಬರೆದೆವು: ಜುಲೈ 1ರಿಂದ ಹಬ್ಬದವರೆಗೆ 400 ಬ್ಲೌಸ್ ಮಾತ್ರ ಒಪ್ಪಿಕೊಳ್ಳುವುದು. ಅದರಲ್ಲಿ 100ಕ್ಕೆ 95ನ್ನು ಹೇಳಿದ ದಿನವೇ ಕೊಡುವುದು.

ಅಕ್ಕನಿಗೆ 100ಕ್ಕೆ 100 ಬೇಕಿತ್ತು. ಒಂದು ಬ್ಲೌಸ್ ತಡವಾದರೂ ಅಲ್ಲಿಗೆ ಆ ಗುರಿ ಮುರಿದುಹೋಗುತ್ತದೆ. ಮುರಿದ ಮೇಲೆ ಯಾರು ಅದನ್ನು ಕಾಪಾಡುತ್ತಾರೆ? 95 ಎಂದರೆ 20 ತಪ್ಪಿಗೆ ಜಾಗ ಇರುತ್ತದೆ. ಕೊನೆಯ ದಿನದವರೆಗೂ ಗುರಿ ಜೀವಂತ ಇರುತ್ತದೆ.

ಗೋಡೆ ಮೇಲಿನ ಹಾಳೆ

ಒಂದು ದೊಡ್ಡ ಡ್ರಾಯಿಂಗ್ ಶೀಟ್ ತಂದು 31 ಚೌಕ ಹಾಕಿದರು. ಜುಲೈ 1ರಿಂದ ಆಗಸ್ಟ್ 5ರವರೆಗೆ, ಭಾನುವಾರ ಬಿಟ್ಟು, ದಿನಕ್ಕೊಂದು ಚೌಕ. ಪ್ರತಿ ಚೌಕದಲ್ಲಿ 13 ಗೆರೆ. ಆಗಸ್ಟ್ 6 ಮತ್ತು 7ಕ್ಕೆ ಚೌಕವೇ ಇಲ್ಲ. ಅವೆರಡು ದಿನ ತಡವಾದದ್ದನ್ನು ಮುಗಿಸಲು, ಹಬ್ಬದ ಮುನ್ನ ಬಂದು "ಕೈ ಸ್ವಲ್ಪ ಬಿಗಿ" ಎನ್ನುವವರಿಗೆ ಆಲ್ಟರ್ ಮಾಡಿಕೊಡಲು.

ಯಾರಾದರೂ ಬಟ್ಟೆ ತಂದರೆ ಕೌಂಟರಿನ ಹುಡುಗಿ ಬಿಲ್ ನಂಬರನ್ನು ಒಂದು ಗೆರೆ ಮೇಲೆ ಬರೆಯುತ್ತಾಳೆ. ಆ ಚೌಕದ ದಿನವೇ ಕೊಡುವ ದಿನ. 13 ಗೆರೆ ತುಂಬಿದರೆ ಆ ದಿನ ಮುಗಿಯಿತು, ಮುಂದಿನ ಚೌಕ. ಬ್ಲೌಸ್ ಕೊಟ್ಟಾಗ ಹಸಿರು ಪೆನ್ನಿನಲ್ಲಿ ಗೀಟು. ತಡವಾಗಿ ಕೊಟ್ಟರೆ ಕೆಂಪು.

ಇಷ್ಟೇ ವ್ಯವಸ್ಥೆ. ಆದರೆ ಇದರಿಂದ ಒಂದು ದೊಡ್ಡ ವಿಷಯ ಬದಲಾಯಿತು. ಮೊದಲು "ಯಾವಾಗ ಕೊಡ್ತೀರಾ?" ಎಂದರೆ ಅಂಗಡಿಯಲ್ಲಿ ಎಲ್ಲರಿಗೂ ಒಂದೇ ಉತ್ತರ: "ಒಂದು ವಾರ." ಒಳಗೆ 40 ಪೀಸ್ ಇದ್ದರೂ ಒಂದು ವಾರ, 160 ಇದ್ದರೂ ಒಂದು ವಾರ. ಒಳಗಿರುವ ಪೀಸ್‌ಗಳನ್ನು ದಿನಕ್ಕೆ ಹೊರಹೋಗುವ ಪೀಸ್‌ಗಳಿಂದ ಭಾಗಿಸಿದರೆ ಹೊಸದಾಗಿ ಬಂದದ್ದು ಸರಾಸರಿ ಎಷ್ಟು ದಿನ ಕಾಯಬೇಕು ಎಂಬುದು ಸಿಗುತ್ತದೆ. ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸರು 1961ರಲ್ಲಿ ಇದನ್ನು ಗಣಿತದಿಂದ ಸಾಧಿಸಿ ತೋರಿಸಿದರು. ಇವತ್ತಿಗೂ ಕಾರ್ಖಾನೆಗಳಲ್ಲಿ, ಆಸ್ಪತ್ರೆಗಳಲ್ಲಿ ಬಳಸುವ ಲೆಕ್ಕ ಅದು. ಒಳಗೆ 156 ಪೀಸ್ ಇದ್ದು ದಿನಕ್ಕೆ 13 ಹೋಗುತ್ತಿದ್ದರೆ 12 ಕೆಲಸದ ದಿನ ಬೇಕು. ಆಗ "ಒಂದು ವಾರ" ಎಂದರೆ ಅದು ಬಾಯಿಂದ ಬರುವಾಗಲೇ ಸುಳ್ಳು. ಹಾಳೆ ಬಂದ ಮೇಲೆ ಹುಡುಗಿಗೆ ಈ ಭಾಗಾಕಾರ ಬೇಕಾಗಲಿಲ್ಲ. ಖಾಲಿ ಗೆರೆ ಎಲ್ಲಿದೆಯೋ ಅದೇ ಉತ್ತರ.

ಜುಲೈ 1ರ ಬೆಳಿಗ್ಗೆ ಹಳೇ ಬಾಕಿ 65 ಇತ್ತು. ಮೊದಲ ಐದು ಚೌಕ ಅದಕ್ಕೇ ಹೋಯಿತು. ಹೊಸದಕ್ಕೆ ಉಳಿದದ್ದು 335.

ಇಲ್ಲಿ ಆಷಾಢದ ಮಾತು ಬರುತ್ತದೆ. ಬೆಂಗಳೂರಿನಲ್ಲಿ ಆಷಾಢ ಎಂದರೆ ಸೀರೆ ಅಂಗಡಿಗಳಲ್ಲಿ ಡಿಸ್ಕೌಂಟ್, ಟೈಲರ್ ಅಂಗಡಿಗಳಲ್ಲಿ ಬಿಡುವು. ಜನ ಆಷಾಢದಲ್ಲಿ ಸೀರೆ ಕೊಳ್ಳುತ್ತಾರೆ, ಶ್ರಾವಣ ಬಂದ ಮೇಲೆ ಬ್ಲೌಸ್ ಹೊಲಿಯಲು ಕೊಡುತ್ತಾರೆ. 2025ರಲ್ಲಿ ಭೀಮನ ಅಮಾವಾಸ್ಯೆ ಜುಲೈ 24ಕ್ಕೆ. ಶ್ರಾವಣ ಶುರುವಾದ ಜುಲೈ 25ರಿಂದ ಹಬ್ಬದ ಹಿಂದಿನ ದಿನದವರೆಗೆ ಕೆಲಸದ ದಿನ ಬರೀ 12. ಎಲ್ಲರೂ ಆಗಲೇ ಬಂದರೆ ಗುರಿ ಅಲ್ಲಿಗೆ ಮುಗಿಯಿತು.

ಅದಕ್ಕೆ ಅಕ್ಕ ಜೂನ್ ಕೊನೆಗೇ ಹಳೇ ಗಿರಾಕಿಗಳಿಗೆ ವಾಟ್ಸಾಪ್ ಮಾಡಿದರು. ಆಫರ್ ಏನೂ ಇರಲಿಲ್ಲ. "ಈಗ ಬಟ್ಟೆ ಕೊಟ್ಟರೆ ನಿಮಗೆ ಬೇಕಾದ ದಿನ ನೀವೇ ಆರಿಸಿಕೊಳ್ಳಬಹುದು, ಆಮೇಲೆ ಬಂದವರಿಗೆ ಉಳಿದ ದಿನ" ಎಂದಷ್ಟೇ ಬರೆದಿದ್ದರು. ಆಷಾಢದಲ್ಲಿ ಹೊಸ ಬಟ್ಟೆಗೆ ಕತ್ತರಿ ಹಾಕಿಸುವುದು ಬೇಡ ಎನ್ನುವ ಮನೆಗಳೂ ಇವೆ. ಅವರಿಗೆ, "ಬಟ್ಟೆ, ಅಳತೆ ಬ್ಲೌಸ್ ಈಗ ಕೊಡಿ, ಕಟಿಂಗ್ ಶ್ರಾವಣದಲ್ಲೇ ಮಾಡಿಸ್ತೀನಿ" ಎಂದರು. ಜುಲೈ 24ರ ಹೊತ್ತಿಗೆ 335ರಲ್ಲಿ 280 ಗೆರೆ ತುಂಬಿತ್ತು. ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಹೆಜ್ಜೆ ಇದು. ದುಡ್ಡು ಖರ್ಚಾಗಲಿಲ್ಲ, ಯಾರಿಗೂ ಇಲ್ಲ ಎನ್ನಬೇಕಾಗಲಿಲ್ಲ.

ಗುರಿ ಅಲುಗಾಡಿದ್ದು

ಜುಲೈ ಮಧ್ಯದಲ್ಲಿ ಊರೆಲ್ಲ ಒಂದೇ ಮಾತು: ಯುಪಿಐ ನೋಟಿಸ್. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತ್ತು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಮುಂದೆ "ನೋ ಯುಪಿಐ, ಕ್ಯಾಶ್ ಮಾತ್ರ" ಎಂಬ ಚೀಟಿ ಬಿತ್ತು. ಅಕ್ಕನಿಗೆ ನೋಟಿಸ್ ಬಂದಿರಲಿಲ್ಲ, ಪಕ್ಕದ ಅಂಗಡಿಗೆ ಬಂದಿತ್ತು. ಅಷ್ಟು ಸಾಕಾಯಿತು. ಎರಡು ದಿನ ಅಂಗಡಿ ಬಿಟ್ಟು ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಆಡಿಟರ್ ಹತ್ತಿರ ಓಡಾಡಿದರು. ಸರಕು ಮಾರುವವರಿಗೆ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ, ಹೊಲಿಗೆಯಂಥ ಸೇವೆಗೆ 20 ಲಕ್ಷ. ಇವರ ವಹಿವಾಟು ಆ 20 ಲಕ್ಷದ ಒಳಗೇ ಇತ್ತು, ಆದರೆ ತೀರ ದೂರವೇನೂ ಇರಲಿಲ್ಲ. ಭಯ ಸುಮ್ನೆ ಅಲ್ಲ. ಜುಲೈ 23ರಂದು ಮುಖ್ಯಮಂತ್ರಿ ವ್ಯಾಪಾರಿಗಳ ಜೊತೆ ಸಭೆ ನಡೆಸಿದ ಮೇಲೇ ಬೀದಿಯಲ್ಲಿ ಆತಂಕ ಸ್ವಲ್ಪ ತಣ್ಣಗಾದದ್ದು.

ಆ ಎರಡು ದಿನ ಕೌಂಟರಿನ ಹುಡುಗಿ ಒಬ್ಬಳೇ. ಹಳೇ ಗಿರಾಕಿಗಳು ಜೋರು ಮಾಡಿದರು, ಅವಳು ತುಂಬಿದ ಚೌಕಗಳ ಅಂಚಿನಲ್ಲಿ 9 ನಂಬರ್ ಹೆಚ್ಚುವರಿಯಾಗಿ ಬರೆದುಕೊಂಡಳು. ಬೈಯುವುದರಿಂದ ಪ್ರಯೋಜನ ಇರಲಿಲ್ಲ. ಎದುರಿಗೆ ನಿಂತ ಹಿರಿಯರಿಗೆ ಇಲ್ಲ ಎನ್ನಲು ಅವಳಿಗೆ ಯಾರೂ ಮಾತು ಕಲಿಸಿರಲಿಲ್ಲ.

ಅಕ್ಕ ಮಾಡಿದ್ದು ಎರಡು ಕೆಲಸ. 9 ಮಂದಿಗೂ ತಾವೇ ಫೋನ್ ಮಾಡಿದರು. 6 ಮಂದಿ ಹಬ್ಬ ಆದ ಮೇಲೆ ಕೊಟ್ಟರೂ ಆಯ್ತು ಎಂದರು, 3 ಮಂದಿ ಒಪ್ಪಲಿಲ್ಲ. ಆ ಮೂರನ್ನು ಉಳಿಸಿಕೊಂಡರು, ಲೆಕ್ಕ 403ಕ್ಕೆ ಹೋಯಿತು. ಆಮೇಲೆ ಹುಡುಗಿಗೆ ಒಂದು ವಾಕ್ಯ ಹೇಳಿಕೊಟ್ಟರು: "ಅಕ್ಕ ಇಲ್ಲದಿದ್ದಾಗ ಯಾರಾದರೂ ತುಂಬಿದ ದಿನ ಕೇಳಿದರೆ, ಬಟ್ಟೆ ತಗೋಬೇಡ, ನಂಬರ್ ಬರೆದುಕೊ, ಸಂಜೆ ಅಕ್ಕನೇ ಫೋನ್ ಮಾಡ್ತಾರೆ ಅನ್ನು." ಹೀಗೆ "ಇಂಥದ್ದು ಆದರೆ ಇಂಥದ್ದು ಮಾಡುತ್ತೇನೆ" ಎಂದು ಮೊದಲೇ ನಿಶ್ಚಯಿಸಿಕೊಂಡವರು ಗುರಿ ಮುಟ್ಟುವ ಸಾಧ್ಯತೆ ಜಾಸ್ತಿ ಎಂಬುದನ್ನು ಜರ್ಮನಿಯ ಮನಃಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ 1990ರ ದಶಕದಿಂದ ಅಧ್ಯಯನ ಮಾಡುತ್ತಾ ಬಂದಿದ್ದಾರೆ. ಛಲ ಇರಬೇಕು ನಿಜ. ಆದರೆ ಕೌಂಟರಿನಲ್ಲಿ ಆ ಹೊತ್ತಿಗೆ ಬೇಕಾದದ್ದು ಬಾಯಿಗೆ ಬರುವ ಒಂದು ಸಿದ್ಧ ಮಾತು.

ದೊಡ್ಡ ಪರೀಕ್ಷೆ ಬಂದದ್ದು ಜುಲೈ 26, ಶನಿವಾರ. ಅಂಗಡಿ ಶುರುವಾದಾಗಿನಿಂದ ಬರುತ್ತಿರುವ ಒಬ್ಬ ಹಿರಿಯ ಗಿರಾಕಿ. ಮಗಳ ಮದುವೆ ಆಗಿ ಇದು ಮೊದಲ ಗೌರಿ ಹಬ್ಬ. ಬಾಗಿನ, ಬೀಗರು, ನಾದಿನಿಯರು, ಎಲ್ಲ ಸೇರಿ 14 ಬ್ಲೌಸ್. ಎಲ್ಲ ವರಮಹಾಲಕ್ಷ್ಮಿಗೇ ಬೇಕು ಎಂದರು. ಹಾಳೆಯಲ್ಲಿ ಉಳಿದಿದ್ದ ಗೆರೆ ಬೆರಳೆಣಿಕೆಯಷ್ಟು.

"ಏನಮ್ಮಾ, ನಮಗೇ ಇಲ್ಲ ಅಂತೀಯಾ?"

"ಇಲ್ಲ ಅಂತಿಲ್ಲಮ್ಮ. ವರಮಹಾಲಕ್ಷ್ಮಿ ದಿನ ನೀವು ಯಾವ ಸೀರೆ ಉಡ್ತೀರಾ, ಮಗಳು ಯಾವುದು ಉಡ್ತಾಳೆ, ಅವೆರಡು ತೆಗೆದುಕೊಡಿ. 4ನೇ ತಾರೀಕು ಕೈಗೆ ಕೊಡ್ತೀನಿ. ಮಿಕ್ಕಿದ್ದು ಗೌರಿಗೆ ತಾನೇ? 20ಕ್ಕೆ ಕೊಡ್ತೀನಿ. ಎಲ್ಲ ಈಗಲೇ ಒಪ್ಕೊಂಡ್ರೆ ಹೋದ ವರ್ಷದ ಥರ ರಾತ್ರಿ ನಿಮ್ಮನ್ನ ಕಾಯಿಸ್ಬೇಕಾಗುತ್ತೆ."

ಆಕೆ ಚೀಲದಿಂದ ಒಂದೊಂದೇ ಬ್ಲೌಸ್ ಪೀಸ್ ತೆಗೆದು ಕೌಂಟರ್ ಮೇಲೆ ಇಟ್ಟರು. ಹಸಿರು ರೇಷ್ಮೆಯದು ಒಂದು ಕಡೆ, ಮೈಸೂರು ಸಿಲ್ಕಿನ ನೇರಳೆ ಬಣ್ಣದ್ದು ಅದರ ಪಕ್ಕ. ಉಳಿದ 12ನ್ನು ಮತ್ತೆ ಮಡಿಸಿ, ಚೀಲದೊಳಗೆ ಹಾಕಿ, ಅಕ್ಕನ ಕಡೆಗೇ ತಳ್ಳಿದರು. ಆ 12 ಬೇರೆ ಅಂಗಡಿಗೆ ಹೋಗಲಿಲ್ಲ. ಗೌರಿ ಹಬ್ಬ ಆಗಸ್ಟ್ 26ಕ್ಕಿತ್ತು, ಅಲ್ಲೀವರೆಗೆ ಸಮಯ ಧಾರಾಳ ಇತ್ತು. ಇಲ್ಲ ಎನ್ನುವ ಬದಲು ಇನ್ನೊಂದು ದಿನ ಹೇಳುವುದು ಅಕ್ಕನಿಗೆ ರೂಢಿಯಾದದ್ದು ಇಲ್ಲಿಂದ.

ಜುಲೈ 28ಕ್ಕೆ ಹಾಳೆ ಪೂರ್ತಿ ತುಂಬಿತು. ಮುಂದಿನ ಹತ್ತು ದಿನ ಬಲು ಕಷ್ಟದ್ದು. ಎಲ್ಲ ಟೈಲರ್‌ಗಳೂ ವರ್ಷಪೂರ್ತಿ ಕಾಯುವುದೇ ಆ ದಿನಗಳಿಗೆ, ಅಲ್ವಾ? ದುಡ್ಡು ಬಾಗಿಲಿಗೆ ಬಂದು ನಿಂತಿದೆ, ಒಳಗೆ ಬಿಡುವ ಹಾಗಿಲ್ಲ. ಹಬ್ಬಕ್ಕೇ ಬೇಕು ಎಂದು ಬೇರೆ ಕಡೆ ಹೋದವರು 44 ಮಂದಿ, ಹುಡುಗಿ ಬಿಲ್ ಪುಸ್ತಕದ ಹಿಂದೆ ಗೀಟು ಹಾಕಿ ಲೆಕ್ಕ ಇಟ್ಟಿದ್ದಳು. ಹಬ್ಬ ಆದಮೇಲಿನ ದಿನಕ್ಕೆ ಒಪ್ಪಿ ಬಟ್ಟೆ ಬಿಟ್ಟುಹೋದವರಿಂದ ಸುಮಾರು 70 ಬ್ಲೌಸ್ ಬಂತು.

ಮಧ್ಯೆ ಒಬ್ಬ ಟೈಲರ್ ಊರಿಗೆ ಹೋಗಬೇಕಾಗಿ ಮೂರು ದಿನ ರಜೆ ಹಾಕಿದರು. ಆಗಸ್ಟ್ 5ಕ್ಕೆ ಸಾರಿಗೆ ನೌಕರರ ಮುಷ್ಕರ ಎಂದು ಸುದ್ದಿ ಬಂತು. ಹೆಮ್ಮಿಂಗ್ ಮಾಡುವಾಕೆ ಬರುವುದು ದಾಸರಹಳ್ಳಿಯಿಂದ, ಶಕ್ತಿ ಯೋಜನೆಯ ಉಚಿತ ಬಸ್ಸಿನಲ್ಲಿ. ಬಸ್ ಬರುತ್ತದೋ ಇಲ್ಲವೋ ಎಂದು ಆಗ ನೋಡುವುದು ಬೇಡ, ದಾಸರಹಳ್ಳಿಯಿಂದ ಸಂಪಿಗೆ ರಸ್ತೆಗೆ ಮೆಟ್ರೋದಲ್ಲಿ ಬಂದುಬಿಡಿ, ಟಿಕೆಟ್ ದುಡ್ಡು ನನ್ನದು ಎಂದು ಅಕ್ಕ ಮೊದಲೇ ಹೇಳಿಟ್ಟಿದ್ದರು. ಟೈಲರ್ ರಜೆಯಿಂದ ಹಿಂದೆ ಬಿದ್ದದ್ದನ್ನು ಆಗಸ್ಟ್ 6 ಮತ್ತು 7 ನುಂಗಿಕೊಂಡವು. ಆ ಎರಡು ಖಾಲಿ ದಿನ ಇಲ್ಲದಿದ್ದರೆ ಈ ಬರಹ ಬೇರೆ ಥರ ಇರುತ್ತಿತ್ತು.

ಲೆಕ್ಕ ಏನಾಯಿತು?

403ರಲ್ಲಿ 386 ಹೇಳಿದ ದಿನವೇ ಹೋಯಿತು. 100ಕ್ಕೆ 95ಕ್ಕಿಂತ ತುಸು ಜಾಸ್ತಿ. 17 ಕೆಂಪು ಗೀಟು, ಅದರಲ್ಲಿ 15 ಹಬ್ಬದೊಳಗೆ ಸೇರಿದವು. ಹಬ್ಬಕ್ಕೆ ಸಿಗದೇ ಹೋದದ್ದು ಎರಡೇ, ಎರಡೂ ಹೊರಗೆ ಆರಿ ವರ್ಕ್ ಎಂಬ ಕಸೂತಿ ಕೆಲಸಕ್ಕೆ ಕೊಟ್ಟಿದ್ದವು. ಆ ಕೆಲಸದ ವೇಗ ಅಂಗಡಿಯ ಕೈಯಲ್ಲಿಲ್ಲ, ಹಾಳೆಯೂ ಅದನ್ನು ಹಿಡಿಯುವುದಿಲ್ಲ.

ದುಡ್ಡಿನ ವಿಷಯವನ್ನು ಮುಚ್ಚಿಡಬಾರದು. 2024ರಲ್ಲಿ ಒಂದು ಬ್ಲೌಸಿಗೆ 600 ರೂಪಾಯಿ, ಟೈಲರ್ ಕೂಲಿ, ಹೆಮ್ಮಿಂಗ್, ಲೈನಿಂಗ್, ದಾರ ಸೇರಿ ಖರ್ಚು 310. 489 ಬ್ಲೌಸಿಗೆ ಉಳಿದದ್ದು 1,41,810. ಅದರಲ್ಲಿ ರಾತ್ರಿ ಕೆಲಸದ ಹೆಚ್ಚುವರಿ ಕೂಲಿ 6,000, ಹಾಳಾದ ಬಟ್ಟೆಗೆ 8,000, ಜಗಳ ತಪ್ಪಿಸಲು ಬಿಟ್ಟುಕೊಟ್ಟದ್ದು 6,500. ಕೈಗೆ 1,21,310. 2025ರಲ್ಲಿ ದರ 650, ಖರ್ಚು 330. 403ಕ್ಕೆ 1,28,960. ಹಬ್ಬದ ಬೋನಸ್ ಎಂದು 12,000 ಕೊಟ್ಟ ಮೇಲೆ ಕೈಗೆ 1,16,960. ಅಂದರೆ ಗುರಿ ಮುಟ್ಟಿದ ವರ್ಷ 4,350 ರೂಪಾಯಿ ಕಡಿಮೆ. ಬಾಡಿಗೆ, ಮಾಸ್ಟರ್ ಸಂಬಳ ಎರಡೂ ವರ್ಷ ಹೊರಗಿಟ್ಟಿದ್ದೇನೆ. ದರ 50 ರೂಪಾಯಿ ಏರಿಸದೇ ಇದ್ದಿದ್ದರೆ ಇನ್ನೂ 20,150 ಕಡಿಮೆ ಆಗುತ್ತಿತ್ತು. ಹಾಗಾಗಿ "ಹೇಳಿದ ದಿನಕ್ಕೆ ಕೊಟ್ಟರೆ ಲಾಭ ತಾನಾಗೇ ಬರುತ್ತದೆ" ಎಂದು ಈ ಅಂಗಡಿಯನ್ನು ತೋರಿಸಿ ಯಾರೂ ಹೇಳಬಾರದು. ಸೀಸನ್ನಿನಲ್ಲಿ ಸ್ವಲ್ಪ ಕೈಬಿಟ್ಟಿತು. ಗೌರಿ ಹಬ್ಬಕ್ಕೆ ಆ 70 ಬ್ಲೌಸ್ ಮೊದಲೇ ಕೈಯಲ್ಲಿತ್ತು, ಬಟ್ಟೆ ಹಾಳಾಗಲಿಲ್ಲ, ರಾತ್ರಿ 8ಕ್ಕೆ ಅಂಗಡಿ ಮುಚ್ಚಿತು. ಇದು ಆ ದುಡ್ಡಿಗೆ ಸಮವೋ ಅಲ್ಲವೋ ಎಂಬುದನ್ನು ಮಾಲೀಕರೇ ಹೇಳಬೇಕು. ಅಕ್ಕ ಸಮ ಎನ್ನುತ್ತಾರೆ. ಲೆಕ್ಕ ನೋಡಿದ ನನಗೂ ಹಾಗೇ ಅನ್ನಿಸುತ್ತದೆ.

ಆದರೆ ಟೈಲರ್‌ಗಳಿಗೆ ಸಮ ಅಲ್ಲ. ಅವರದು ಪೀಸ್ ರೇಟ್. ಹೋದ ವರ್ಷ ರಾತ್ರಿ ಕೆಲಸವೂ ಸೇರಿ ತಲಾ 29,700 ರೂಪಾಯಿ ಆಗಿತ್ತು. ಈ ಸಲ 403 ಬ್ಲೌಸಿಗೆ ತಲಾ 24,180, ಬೋನಸ್ 3,500 ಸೇರಿದರೂ 27,680. ತಲಾ ಸುಮಾರು 2,000 ಕಡಿಮೆ. ಹಿರಿಯ ಟೈಲರ್ ಇದನ್ನು ಬಾಯಿಬಿಟ್ಟೇ ಹೇಳಿದರು: "ಅಕ್ಕ, ನಿಮ್ಮ ಹೆಸರು ಉಳೀತು, ನಮ್ಮ ಮಕ್ಕಳ ಫೀಸಿಗೆ ಕಡಿಮೆ ಆಯ್ತು." ಅವರ ಮಾತು ನೂರಕ್ಕೆ ನೂರು ನ್ಯಾಯ. ಹೆಚ್ಚು ಹೊಲಿದರೆ ಹೆಚ್ಚು ಎಂಬ ಕೂಲಿ, ಇಷ್ಟೇ ಒಪ್ಪಿಕೊಳ್ಳುತ್ತೇವೆ ಎಂಬ ಗುರಿ, ಇವೆರಡನ್ನು ಒಂದೇ ಅಂಗಡಿಯಲ್ಲಿ ಇಟ್ಟರೆ ಒಬ್ಬರ ಗೆಲುವು ಇನ್ನೊಬ್ಬರ ಜೇಬಿನಿಂದ ಬರುತ್ತದೆ. ಗುರಿ ಬರೆಯುವ ದಿನವೇ ಮೂವರನ್ನೂ ಕೂರಿಸಿಕೊಂಡು ಈ ಲೆಕ್ಕವನ್ನು ಮುಂದಿಡಬೇಕಿತ್ತು.

ದಸರಾ, ದೀಪಾವಳಿ ಸೀಸನ್ನಿಗೆ ಅಕ್ಕ ಎರಡು ಬದಲಾವಣೆ ಮಾಡಿಕೊಂಡರು. ಆರಿ ವರ್ಕ್ ಇರುವ ಬ್ಲೌಸಿಗೆ ಬೇರೆ ಹಾಳೆ, ಕೊಡುವ ದಿನದ ಲೆಕ್ಕ ಶುರುವಾಗುವುದು ವರ್ಕ್ ಮುಗಿದು ವಾಪಸ್ ಬಂದ ಮೇಲೆ. ಟೈಲರ್‌ಗಳಿಗೆ ತಿಂಗಳಿಗೆ ಇಷ್ಟು ಎಂದು ಕನಿಷ್ಠ ಕೂಲಿ ಖಾತ್ರಿ, ಅದಕ್ಕಿಂತ ಹೆಚ್ಚು ಪೀಸ್ ಆದರೆ ಪೀಸ್ ರೇಟ್. ಆ ಕನಿಷ್ಠ ಮೊತ್ತ ಎಷ್ಟಿರಬೇಕು ಎಂಬ ಮಾತುಕತೆಗೆ ಈ ಸಲ ಮೂವರೂ ಕೂತಿದ್ದರು. ಬಿಲ್ ಪುಸ್ತಕವನ್ನು ಹಿರಿಯ ಟೈಲರ್ ಕೈಗೇ ಕೊಟ್ಟಿದ್ದರು.